ಎವೊದಿಯೊ ಹಾರಿಸಿದ ಮೂರು ಬಾಣ

ಈಗ ಹೇಳುವುದು ನಡೆದ ಸಂಗತಿ. ನನ್ನ ಬಾಯಿಂದ ಬರುತ್ತಿದೆ ಎಂಬ ಒಂದೇ ಕಾರಣಕ್ಕೆ ನಮ್ಮೂರಿನ ಅರ್ಧ ಜನ ಇದನ್ನು ನಂಬುವುದಿಲ್ಲ. ಇನ್ನರ್ಧ ಜನ ಅಲ್ಲೇ ಇದ್ದರು, ಅವರಿಗೆ ನಂಬದೆ ವಿಧಿಯಿಲ್ಲ.

ನನ್ನ ಹೆಸರು ಎರ್ಮಿಲೊ. ಸಾನ್ ಮಾರ್ಸಿಯಾಲ್ ಊರಿಗೆ ಬಂದು ಎರ್ಮಿಲೊ ಮನೆ ಯಾವುದು ಎಂದು ಕೇಳಿದರೆ ಯಾರೂ ಹೇಳಲಾರರು. ಗಿಳಿ ಮನೆ ಯಾವುದು ಎಂದು ಕೇಳಿ, ನಾಯಿಗಳೂ ದಾರಿ ತೋರಿಸುತ್ತವೆ. ಪಾದ್ರಿಯ ಮೂಗಿನ ರಾಗ, ಬಸ್ ಕಂಡಕ್ಟರನ ಗೊಗ್ಗರು, ಹಲ್ಲಿಲ್ಲದ ಮುದುಕಿಯರ ಜಗಳ, ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗಿವೆ. ಮದುವೆ ಮನೆಯಲ್ಲಿ ವಾದ್ಯದವರು ಉಣ್ಣಲು ಕೂತಾಗ ನನ್ನನ್ನು ಬೆಂಚಿನ ಮೇಲೆ ಹತ್ತಿಸುತ್ತಾರೆ. ನಗರದ ಕಾಲೇಜಿನಲ್ಲಿ ಮೂರು ವರ್ಷ ಮಾನವಶಾಸ್ತ್ರ ಓದಿದೆ. ಮಾನ ಉಳಿಯಲಿಲ್ಲ, ಶಾಸ್ತ್ರ ಮುಗಿಯಲಿಲ್ಲ, ಊರಿಗೆ ವಾಪಸು ಬಂದು ಪಾಳು ಕಲ್ಲುಗಳ ಮುಂದೆ ಟಿಕೆಟ್ ಹರಿಯುವ ಕೆಲಸಕ್ಕೆ ಸೇರಿದೆ.

ಕಲ್ಲುಗಳು ರಸ್ತೆಯ ಈ ಕಡೆ, ಚರ್ಚು ಆ ಕಡೆ. ಎರಡೂ ಒಂದೇ ಕಲ್ಲು. ನಮ್ಮ ಹಿರಿಯರು ಕಟ್ಟಿದ್ದ ಗುಡಿಯನ್ನು ಸಮುದ್ರ ದಾಟಿ ಬಂದವರು ಕೆಡವಿಸಿ, ಅದೇ ಹಿರಿಯರ ಕೈಯಿಂದಲೇ ಚರ್ಚು ಕಟ್ಟಿಸಿದರು. ಚರ್ಚಿನ ಉತ್ತರದ ಗೋಡೆಯಲ್ಲಿ ಇವತ್ತಿಗೂ ಗುಡಿಯ ಮೆಟ್ಟಿಲು ಮೆಟ್ಟಿಲಿನ ಕೆತ್ತನೆ ತಲೆಕೆಳಗಾಗಿ ಕಾಣುತ್ತದೆ. ಬೇಕೆಂದೇ ಹಾಗೆ ಇಟ್ಟರೋ, ಅವಸರದಲ್ಲಿ ಇಟ್ಟರೋ, ಕೇಳಲು ಯಾರೂ ಉಳಿದಿಲ್ಲ. ಈಗ ಕಲ್ಲೂ ಪರಂಪರೆ, ಚರ್ಚೂ ಪರಂಪರೆ. ಎರಡಕ್ಕೂ ತಂತಿಬೇಲಿ, ಎರಡಕ್ಕೂ ನೀಲಿ ಫಲಕ.

ಏಳು ವರ್ಷದ ಹಿಂದೆ ದೊಡ್ಡ ಭೂಕಂಪವಾದಾಗ ಕಲ್ಲುಗಳು ಅಲುಗಲಿಲ್ಲ, ಅವು ಬೀಳುವುದೆಲ್ಲ ಮೊದಲೇ ಬಿದ್ದಾಗಿತ್ತು. ಚರ್ಚಿನ ಗುಮ್ಮಟ ಬಿರುಕು ಬಿಟ್ಟಿತು. ನಗರದ ಕಚೇರಿಯವರು ಬಂದು, ಮರದ ಅಟ್ಟಣೆ ಕಟ್ಟಿ, ಬಾಗಿಲಿಗೆ ಬೀಗ ಹಾಕಿ, ಬೇಗ ಬರುತ್ತೇವೆ ಎಂದು ಹೋದರು. ಅಟ್ಟಣೆಯ ಮೇಲೆ ಪಾರಿವಾಳ ಸಂಸಾರ ಹೂಡಿದವು. ಚರ್ಚಿನೊಳಗೆ ಪೂಜೆ ನಿಂತು ಹೊರಗೆ ಚರ್ಚೆ ಶುರುವಾಯಿತು. ಒಳಗೆ ಸಂತ ಮಾರ್ಸಿಯಾಲ್ ಒಬ್ಬನೇ ಉಳಿದ, ಕಚೇರಿಯ ಪಟ್ಟಿಯಲ್ಲಿ ಇನ್ನೂರ ಹದಿನಾಲ್ಕನೇ ನಂಬರಿನ ವಸ್ತುವಾಗಿ.

ಸಂತ ಎಂದರೆ ಮೂರು ವರ್ಷದ ಮಗುವಿನಷ್ಟು ಎತ್ತರದ ಮರದ ಬೊಂಬೆ. ಪ್ರತಿ ವರ್ಷ ಜೂನ್ ಮೂವತ್ತಕ್ಕೆ ಅವನ ಹಬ್ಬ. ಆ ವರ್ಷದ ಯಜಮಾನ ಅವನನ್ನು ತನ್ನ ಕೈಯಾರೆ ತೊಳೆದು, ಹೊಸ ನಿಲುವಂಗಿ ತೊಡಿಸಿ, ಹೆಗಲ ಮೇಲೆ ಹೊತ್ತು ರಸ್ತೆ ದಾಟಿ, ಹಳೆ ಗುಡಿಯ ದಿಬ್ಬ ಹತ್ತುತ್ತಾನೆ. ಸಂತನ ಮುಖವನ್ನು ಕಲ್ಲುಗಳ ಕಡೆ ತಿರುಗಿಸಿ ನಮ್ಮ ಸಪೊತೆಕ್ ಭಾಷೆಯಲ್ಲಿ ಒಂದೇ ಒಂದು ಮಾತು ಹೇಳುತ್ತಾನೆ. ನಿಮ್ಮ ಕಲ್ಲು ತೆಗೆದುಕೊಂಡಿದ್ದೇವೆ, ಮರೆತಿಲ್ಲ ಎಂಬರ್ಥದ್ದು. ಒಬ್ಬ ಮನುಷ್ಯ ಆ ಮಾತನ್ನು ಬಾಯಿಬಿಟ್ಟು ಹೇಳುವುದು ಬದುಕಿನಲ್ಲಿ ಒಂದೇ ಸಲ. ಹೇಳಿದವನು ಹಿರಿಯರ ಬೆಂಚಿನಲ್ಲಿ ಕೂರುತ್ತಾನೆ. ಅವನು ಸತ್ತರೆ ಗಂಟೆ ಬಾಯ್ತುಂಬ ಮೊಳಗುತ್ತದೆ. ಹೇಳದೆ ಸತ್ತವನಿಗೆ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ ಬಾರಿಸುತ್ತಾರೆ. ದಪ್ ದಪ್ ಎನ್ನುತ್ತದೆ, ಯಾರೋ ಚಾಪೆ ಕೊಡವಿದ ಹಾಗೆ.

ಯಜಮಾನಿಕೆಗೆ ಹೆಸರು ಕೊಟ್ಟು ಇಪ್ಪತ್ತು ವರ್ಷ ಕಾಯಬೇಕು. ಸರದಿ ಬಂದ ಮೇಲೂ ಒಂದು ಕಟ್ಟಳೆ ಇದೆ. ಸಂತನನ್ನು ಹೊರಗೆ ತರಲು ಅಪ್ಪಣೆ ಸಿಕ್ಕ ಗಳಿಗೆಯಲ್ಲಿ ಯಜಮಾನ ಚರ್ಚಿನ ಅಂಗಳದಿಂದ ಮೂರು ಆಕಾಶಬಾಣ ಹಾರಿಸಬೇಕು. ಅಲ್ಲಿಂದ ಅವನ ವರ್ಷ ಶುರು. ಬಾಣ ಹಾರಿಸಿದ ಮೇಲೆ ಹಬ್ಬದ ದಿನ ಸಂತ ಹೊರಗೆ ಬರಲಿಲ್ಲವೋ, ಯಾವ ಕಾರಣಕ್ಕೇ ಇರಲಿ, ಅವನ ಹೆಸರು ಪಟ್ಟಿಯಿಂದ ಹೋಯಿತು, ಮತ್ತೆ ಬರೆಯುವ ಹಾಗಿಲ್ಲ. ಹಿಂದೆ ಯಾವನೋ ಬಾಣ ಹಾರಿಸಿ, ಹಬ್ಬದ ಹಿಂದಿನ ದಿನ ಊರು ಬಿಟ್ಟು ಓಡಿದ್ದನಂತೆ. ಓಡಿದವನು ಒಬ್ಬ, ಕಟ್ಟಳೆ ಎಲ್ಲರಿಗೂ.

ಭೂಕಂಪವಾದ ವರ್ಷ ಸರದಿ ಬಂದದ್ದು ದೊನ್ ಎವೊದಿಯೊ ಅವರಿಗೆ. ದೊನ್ ಎನ್ನುವುದು ಹಿರಿಯರ ಹೆಸರಿನ ಮುಂದೆ ನಾವು ಹಚ್ಚುವ ಗೌರವ, ನಗರದ ಸಾಹೇಬರು ನಮ್ಮಂಥವರಿಗೆ ಹಚ್ಚುವುದಿಲ್ಲ. ಜ್ಞಾನಸ್ನಾನದ ದಿನ ನನ್ನನ್ನು ಎತ್ತಿಕೊಂಡು ನಿಂತ ಜ್ಞಾನತಂದೆ ಅವರೇ. ನಾನು ಕರೆಯುವುದು ಪಾದ್ರಿನೊ ಎಂದು. ಸ್ನಾನ ಅವರು ಮಾಡಿಸಿದರು, ಜ್ಞಾನ ನನಗೆ ಹತ್ತಲಿಲ್ಲ. ಏಳು ಜೂನ್ ತಿಂಗಳು ಅವರು ಬಾಣ ಹಾರಿಸದೆ ಕೂತರು. ಬಾಣ ಹಾರದಿದ್ದರೆ ವರ್ಷ ಶುರುವಾಗಿಲ್ಲ, ಶುರುವಾಗದ್ದು ಕಳೆಯುವುದೂ ಇಲ್ಲ. ಎಪ್ಪತ್ತಮೂರು ವರ್ಷದ ಆ ಮನುಷ್ಯ ಕಟ್ಟಳೆಯ ಸಣ್ಣ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು. ಅವರ ಹಿಂದಿನ ಸರದಿಯವರೆಲ್ಲ ಅಲ್ಲಲ್ಲೇ ನಿಂತರು. ಊರಿನವರು ಅವರಿಗೆ ಬಿರಡೆ ಎಂದು ಹೆಸರಿಟ್ಟರು. ಬಿರಡೆ ಬಿಚ್ಚಿದರೆ ಸೀಸೆ ಹರಿಯುತ್ತೆ ಎಂದು ಮೊದಲು ಹೇಳಿದವನು ನಾನೇ ಇರಬೇಕು.

ಅವರ ಬೆನ್ನ ಹಿಂದಿನ ಸರದಿ ನಾಬೋರನದು. ಮೆಸ್ಕಾಲ್ ಭಟ್ಟಿಯವನು, ಐವತ್ತೆಂಟು ವರ್ಷ, ಕತ್ತಾಳೆ ಹೊಗೆಯಲ್ಲಿ ಬೆಂದು ಕಪ್ಪಾದ ಮುಖ.

ಜೂನ್ ಹದಿನಾರು, ನಡುಮಧ್ಯಾಹ್ನ. ಬೆಳಗಿನಿಂದ ಒಬ್ಬ ಪ್ರವಾಸಿಯೂ ಇಲ್ಲ. ನಾಬೋರ್ ಒಂದು ಸೋರೆಬುರುಡೆಯಲ್ಲಿ ಮೆಸ್ಕಾಲ್ ತಂದು ನನ್ನ ಟಿಕೆಟ್ ಗೂಡಿನ ನೆರಳಿಗೆ ಬಂದು ಕೂತ.

“ಗಿಳಿ, ಆ ಚರ್ಚಿನ ಇಂಜಿನಿಯರ್ ಮಾತಾಡ್ತಾನಲ್ಲ, ಅದನ್ನ ಮಾಡೋ. ಬೇಜಾರಾಗಿದೆ.”

ನಗರದ ಕಚೇರಿಯ ಇಂಜಿನಿಯರ್ ಉರ್ದಪಿಯೆತಾ ವರ್ಷಕ್ಕೊಮ್ಮೆ ಬಂದು ಬೀಗ ಎಳೆದು ನೋಡಿ ಹೋಗುವವನು. ಮಾತಿಗೆ ಮೊದಲು ಎರಡು ಸಲ ಕೆಮ್ಮು, ಆಮೇಲೆ ‘ಹಾಗಾಗಿ’, ಆಮೇಲೆ ಮೌನ, ಮತ್ತೆ ‘ಹಾಗಿದ್ದ ಮೇಲೆ’. ವಿಷಯಕ್ಕೆ ಬರುವಷ್ಟರಲ್ಲಿ ಅವನ ಜೀಪು ಹೊರಟಿರುತ್ತದೆ. ನಾನು ಮಾಡಿದೆ. ನಾಬೋರ್ ಕೆಮ್ಮುವಂತೆ ನಕ್ಕ.

“ಇದನ್ನ ನಂಗೆ ಕೇಳಿಸಿದ್ರೆ ಏನು ಬಂತು. ಮುದುಕಂಗೆ ಫೋನ್ ಮಾಡು.”

“ಪಾದ್ರಿನೊಗಾ? ಬೇಡಪ್ಪ.”

“ಯಾಕೆ, ಗಂಟಲು ಒಣಗ್ತಾ? ಒಂದು ಗುಟುಕು ಹಾಕು. ಸಂತನ ಜನನ ಪತ್ರ ತಗೊಂಡ್ಬಾ ಅನ್ನು. ಅಡ್ಡ ಒಂದು ಫೋಟೊ, ಉದ್ದ ಒಂದು ಫೋಟೊ ಅನ್ನು. ಓಡಾಡ್ಲಿ ಒಂದೆರಡು ದಿನ, ಕಾಲಿಗೆ ಒಳ್ಳೇದು.”

ತಮಾಷೆ ಅಷ್ಟೇ ಎಂದುಕೊಂಡೆ. ಎಂದುಕೊಂಡೆನೋ, ಗಂಟಲು ಎಂದುಕೊಂಡಿತೋ. ನನ್ನ ಮೊಬೈಲಿನಿಂದ ಊರ ಟೆಲಿಫೋನ್ ಬೂತಿಗೆ ಹಚ್ಚಿದೆ. ನಮ್ಮೂರ ಬೂತಿನ ಕ್ರಮ ನಿಮಗೆ ಗೊತ್ತಾಗಬೇಕು. ಯಾರಿಗೆ ಫೋನ್ ಬಂದರೂ ಬೂತಿನ ಹೆಂಗಸು ಮೈಕಿನಲ್ಲಿ ಕೂಗುತ್ತಾಳೆ, ಯಾರು ಮಾಡಿದ್ದಾರೆ ಎನ್ನುವುದನ್ನೂ ಸೇರಿಸಿ. ಗೂಡಿನಲ್ಲಿ ಕೂತ ನಮಗೇ ಕೇಳಿಸಿತು: “ದೊನ್ ಎವೊದಿಯೊ, ದೊನ್ ಎವೊದಿಯೊ, ಪರಂಪರೆ ಕಚೇರಿಯಿಂದ ಇಂಜಿನಿಯರ್ ಸಾಹೇಬರ ಫೋನು. ಬೇಗ ಬರೋದು, ಸಾಹೇಬರು ಕಾಯ್ತಾ ಇದ್ದಾರೆ.” ಇಡೀ ಊರಿಗೆ ಕೇಳಿಸಿರಬೇಕು.

ಏಳೆಂಟು ನಿಮಿಷದ ಮೇಲೆ ಏದುಸಿರು ಕೇಳಿಸಿತು.

“ಅಪ್ಪಣೆ ಸ್ವಾಮಿ, ಎವೊದಿಯೊ.”

ಎರಡು ಸಲ ಕೆಮ್ಮಿದೆ. “ಹಾಗಾಗಿ... ಹಾಗಿದ್ದ ಮೇಲೆ... ಆ ಇನ್ನೂರ ಹದಿನಾಲ್ಕನೇ ನಂಬರಿನ ವಸ್ತುವಿನ ತೂಕ ಎಷ್ಟು ಬರುತ್ತೆ, ದೊನ್ ಎವೊದಿಯೊ?”

ಆ ಕಡೆ ಅವರು ಉಸಿರು ಸುಧಾರಿಸಿಕೊಂಡರು.

“ಸಂತ ಮಾರ್ಸಿಯಾಲಾ ಸ್ವಾಮಿ? ತಕ್ಕಡೀಲಿ ತೂಗಿಲ್ಲ. ಬಣ್ಣ ಬಳಿಯೋವಾಗ ಒಂದ್ಸಲ ಎತ್ತಿ ಹಿಡ್ಕೊಂಡಿದ್ದೆ. ನಮ್ಮ ಮೊದಲನೇ ಮಗು ಇತ್ತಲ್ಲ, ಮೂರು ವರ್ಷ ಇದ್ದು ಹೋಯ್ತು. ಅಷ್ಟೇ ತೂಕ. ನನ್ನ ಹೆಗಲಿಗೆ ಗೊತ್ತದು.”

ಅಲ್ಲಿಗೆ ನಾನು ಫೋನ್ ಇಡಬೇಕಿತ್ತು. ನಾಬೋರ್ ಒಂದು ಟಿಕೆಟ್ ಹರಿದು ಅದರ ಬೆನ್ನಿಗೆ ಏನೋ ಗೀಚಿ ನನ್ನ ಮುಂದೆ ಹಿಡಿದ. ‘ಹೂಂ ಅನ್ನು’ ಎಂದಿತ್ತು. ಓದಿದ್ದನ್ನು ಬಾಯಿಗೆ ತರುವುದು ಗಿಳಿಯ ಹುಟ್ಟುಗುಣ.

“ಹಾಗಾಗಿ... ಈ ಸಲ ಅಪ್ಪಣೆ ಇದೆ, ದೊನ್ ಎವೊದಿಯೊ. ಮೂವತ್ತಕ್ಕೆ ನಾವು ಬಂದು ಬೀಗ ತೆಗೀತೀವಿ.”

ಅವರು ರಿಸೀವರನ್ನು ಮೆಲ್ಲಗೆ, ಮಲಗಿದ ಮಗುವನ್ನು ಇಡುವ ಹಾಗೆ ಇಟ್ಟ ಸದ್ದು ಬಂತು.

ನಾವು ನಕ್ಕೆವು. ಹೊಟ್ಟೆ ಹಿಡಿದು ನಕ್ಕೆವು. ಇನ್ನೇನು ಅಪ್ಪಣೆಯ ಪತ್ರ ಎಲ್ಲಿ ಎಂದು ಕೇಳಲು ಮತ್ತೆ ಬೂತಿಗೆ ಬರುತ್ತಾರೆ, ಆಗ ನಾನು ಗಿಳಿ ಎಂದುಬಿಟ್ಟರೆ ಮುಗಿಯಿತು, ಎರಡು ಬೈಗುಳ, ಒಂದು ಗುದ್ದು ಎಂದುಕೊಂಡಿದ್ದೆ. ಮೂರು ವರ್ಷ ಕಾಲೇಜಿನ ಬೆಂಚು ಸವೆಸಿದವನಿಗೆ ಒಂದು ಸಂಗತಿ ಮರೆತೇ ಹೋಗಿತ್ತು. ನಮ್ಮೂರಿನಲ್ಲಿ ಒಬ್ಬ ಹೆಸರು ಹಿಡಿದು ಕರೆದು ಮಾತು ಕೊಟ್ಟ ಮೇಲೆ ಪತ್ರ ಕೇಳುವುದಿಲ್ಲ. ಕೇಳಿದರೆ ಅವನನ್ನು ಸುಳ್ಳುಗಾರ ಎಂದ ಹಾಗೆ.

ಕಾಲು ಗಂಟೆ ಕಳೆದಿರಬೇಕು, ಸುಂಯ್ ಎಂದು ಒಂದು ಬಾಣ ಚರ್ಚಿನ ಅಂಗಳದಿಂದ ಮೇಲೆದ್ದು, ಗುಮ್ಮಟದ ಮೇಲೆ ಢಂ ಎಂದಿತು. ಪಾರಿವಾಳಗಳು ಅಟ್ಟಣೆ ಬಿಟ್ಟು ಎದ್ದವು.

“ಒಂದು” ಎಂದ ನಾಬೋರ್. ಅವನು ನಗುತ್ತಿರಲಿಲ್ಲ.

“ಎರಡು.”

ನಾನು ಬಾಗಿಲಿಗೆ ಓಡಿದೆ. ಅಂಗಳ ಮುನ್ನೂರು ಹೆಜ್ಜೆ ದೂರ. ಏಳು ವರ್ಷದಿಂದ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿದ್ದ ಬಾಣ, ಒಂದಾದರೂ ಠುಸ್ ಎನ್ನಬಾರದೆ ಎಂದು ಬೇಡಿಕೊಂಡೆ.

“ಮೂರು.” ನಾಬೋರ್ ಸೋರೆಬುರುಡೆಗೆ ಬೆಂಡು ತುರುಕಿ ಎದ್ದು ನಿಂತ. “ನೀನು ಹೇಳಿದ್ದು, ಗಿಳಿ. ನಾನು ಬಾಯೇ ಬಿಟ್ಟಿಲ್ಲ.”

ನಾನು ಅಂಗಳ ಮುಟ್ಟುವಷ್ಟರಲ್ಲಿ ಊರಿನ ಕಾಲುಭಾಗ ಅಲ್ಲಿತ್ತು. ಭೂಕಂಪದ ನಂತರ ಗಂಟೆಯನ್ನು ಕೆಳಗಿಳಿಸಿ ತೊಲೆಗೆ ಕಟ್ಟಿದ್ದರು. ಯಾರೋ ಅದನ್ನು ಬಾರಿಸುತ್ತಿದ್ದರು. ಪಾದ್ರಿನೊ ಕೈ ತುಂಬ ಮದ್ದಿನ ಮಸಿ. ನನ್ನನ್ನು ಕಂಡವರೇ ಬಂದು ಎರಡೂ ಕೆನ್ನೆ ಹಿಡಿದರು, ನನ್ನ ಮುಖಕ್ಕೂ ಮಸಿಯಾಯಿತು.

“ಮಗನೇ, ನಂಗೆ ದೊನ್ ಅಂದ ಕಣೋ. ಅಷ್ಟು ದೊಡ್ಡ ಕಚೇರಿಯವನು. ದೊನ್ ಎವೊದಿಯೊ ಅಂದ. ಒಂದ್ಸಲ ಅಲ್ಲ, ಎರಡು ಸಲ.”

ಆಗ ಹೇಳಬಹುದಿತ್ತು. ಆದರೆ ಹಾರಿದ ಬಾಣವನ್ನು ಯಾರ ಮಾತೂ ಕೆಳಗಿಳಿಸುವುದಿಲ್ಲ. ನಾನು ಹೇಳಿದರೂ ಅವರ ಹೆಸರು ಹೋಗುತ್ತಿತ್ತು, ಹೇಳದಿದ್ದರೂ ಹೋಗುತ್ತಿತ್ತು. ಉಳಿಯಬೇಕಾದರೆ ಸಂತ ಹೊರಗೆ ಬರಬೇಕು. ಅಂದರೆ ನನ್ನ ಸುಳ್ಳು ಹದಿನಾಲ್ಕು ದಿನದಲ್ಲಿ ನಿಜವಾಗಬೇಕು.

ಮಾರನೇ ದಿನ ನಗರಕ್ಕೆ ಹೋದೆ. ಪರಂಪರೆ ಕಚೇರಿ ಎರಡನೇ ಮಹಡಿ. ಓಣಿಯ ಎಡಕ್ಕೆ ಚರ್ಚುಗಳ ವಿಭಾಗ, ಬಲಕ್ಕೆ ಪಾಳುಗಳ ವಿಭಾಗ. ಎದುರುಬದುರು ಬಾಗಿಲು, ನಡುವೆ ನಾಲ್ಕು ಹೆಜ್ಜೆ, ಒಂದು ನೀರಿನ ಹೂಜಿ.

ಇಂಜಿನಿಯರ್ ಉರ್ದಪಿಯೆತಾ ಎರಡು ಸಲ ಕೆಮ್ಮಿದ. “ಹಾಗಾಗಿ...” ಎಂದ. ಒಂದು ಗಳಿಗೆ ನನ್ನ ಗಂಟಲೇ ಎದುರಿನ ಕುರ್ಚಿಯಲ್ಲಿ ಕೂತು ನನ್ನನ್ನು ಅಣಕಿಸುತ್ತಿದೆ ಅನ್ನಿಸಿತು.

“ಹಾಗಿದ್ದ ಮೇಲೆ, ಇನ್ನೂರ ಹದಿನಾಲ್ಕು ಹೊರಗೆ ಬರಬೇಕಾದ್ರೆ, ಅದು ಎಲ್ಲಿಗೆ ಹೋಗುತ್ತೆ ಅನ್ನೋ ಜಾಗದವರ ಒಪ್ಪಿಗೆ ಪತ್ರ ಬೇಕು. ದಿಬ್ಬ ನಮ್ದಲ್ಲ. ಎದುರು ಬಾಗಿಲು.”

ಎದುರು ಬಾಗಿಲಿನ ಮೇಡಂ ಒಳ್ಳೆಯವಳು, ಕೂರಿಸಿ ಕಾಫಿ ಕೊಟ್ಟಳು. “ದಿಬ್ಬದ ಮೇಲೆ ಏನು ಬರುತ್ತೆ, ಎಷ್ಟು ಭಾರ, ಎಷ್ಟು ಜನ, ಅದನ್ನ ಅವರು ಬರೆದುಕೊಟ್ರೆ ನಾವು ಯೋಚಿಸ್ತೀವಿ. ಮೊದಲು ಅವರ ಪತ್ರ.”

“ಮೇಡಂ, ಅವರು ಮೊದಲು ನಿಮ್ಮ ಪತ್ರ ಅಂತಾರೆ. ನೀವು ನಾಲ್ಕು ಹೆಜ್ಜೆ ಬಂದು ಒಂದು ಮಾತು...”

“ಐನೂರು ವರ್ಷದ ಹಿಂದೆ ಅವರೇ ಬಂದು ನಮ್ಮ ಗುಡಿ ಕೆಡವಿದ್ದು. ಈಗ ನಾವು ಅಲ್ಲಿಗೆ ಹೋಗ್ಬೇಕಾ?” ಎಂದು ನಕ್ಕಳು. ತಮಾಷೆಗೇ ಹೇಳಿದ್ದು. ಬೇರೆ ದಿನವಾಗಿದ್ದರೆ ಆ ಮಾತನ್ನು ನಾನು ಹೊತ್ತು ತಂದು ಊರೆಲ್ಲ ಹಂಚುತ್ತಿದ್ದೆ.

ನಾಲ್ಕು ಸಲ ಹೋದೆ. ನಾಲ್ಕು ಸಲವೂ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಹೂಜಿಯ ನೀರು ತುಂಬುವವನಿಗೆ ನನ್ನ ಹೆಸರು ಗೊತ್ತಾಯಿತು. ನಾಲ್ಕನೇ ಸಲ, ಜೂನ್ ಇಪ್ಪತ್ತಾರಕ್ಕೆ, ಗೋಗರೆದೆ. ಬಾಣ ಹಾರಿಬಿಟ್ಟಿದೆ ಸಾರ್, ಊರೆಲ್ಲ ತಯಾರಾಗಿದೆ, ಮೂವತ್ತಕ್ಕೆ ಬಾಗಿಲ ಮುಂದೆ ಸಾವಿರ ಜನ ನಿಂತಿರುತ್ತಾರೆ ಎಂದೆ. ಇಂಜಿನಿಯರ್ ಮೊದಲ ಸಲ ಕೆಮ್ಮದೆ ಮಾತಾಡಿದ.

“ಸಾವಿರ ಜನ? ಬಿರುಕು ಬಿಟ್ಟ ಗುಮ್ಮಟದ ಕೆಳಗೆ? ಹೇಳಿದ್ದು ಒಳ್ಳೇದಾಯ್ತು.” ಮೇಜಿನ ಫೋನು ಎತ್ತಿದ. “ಸಾನ್ ಮಾರ್ಸಿಯಾಲ್‌ಗೆ ಇಬ್ಬರು ಕಾವಲಿನವರನ್ನ ಕಳಿಸಿ. ಬೀಗದ ಮೇಲೆ ಸೀಸದ ಮುದ್ರೆ ಬೀಳಲಿ.”

ಆ ಬೀಗದ ಬೀಗದಕೈ ನಮ್ಮೂರಿನಲ್ಲೇ ಇನ್ನೊಂದಿತ್ತು. ಹಳೆಯ ಗಂಟೆಗಾರನ ಮನೆಯ ಗೂಟದಲ್ಲಿ. ಎಲ್ಲರಿಗೂ ಗೊತ್ತಿತ್ತು, ಅಪ್ಪಣೆ ಇಲ್ಲದೆ ಯಾರೂ ಮುಟ್ಟುವವರಲ್ಲ. ಆದರೆ ಅಪ್ಪಣೆ ಇದೆ ಎಂದು ನಂಬಿದ ಊರು ಮೂವತ್ತರ ಬೆಳಿಗ್ಗೆ ಇಂಜಿನಿಯರನ ದಾರಿ ನೋಡಿ ನೋಡಿ, ಕೊನೆಗೆ ಆ ಬೀಗದಕೈಯನ್ನು ಗೂಟದಿಂದ ಇಳಿಸುತ್ತಿತ್ತೇನೋ. ಸೀಸದ ಮುದ್ರೆ ಒಡೆದರೆ ಜೈಲು. ಅದನ್ನೂ ನಾನೇ ಹೋಗಿ ಹಾಕಿಸಿಕೊಂಡು ಬಂದೆ.

ಇಪ್ಪತ್ತೆಂಟರ ಬೆಳಿಗ್ಗೆ ಪಾದ್ರಿನೊ ಮನೆಗೆ ಹೋದದ್ದು ಹೇಳಿಯೇ ಬಿಡಬೇಕೆಂದು. ಅಂಗಳದಲ್ಲಿ ಮೂವತ್ತು ಹೆಂಗಸರು, ಅರೆಯುವ ಕಲ್ಲಿನ ಮೇಲೆ ಮೆಕ್ಕೆಜೋಳ ಅರೆಯುವವರು, ಕೋಕೋ ಹುರಿಯುವವರು. ಹಿತ್ತಿಲಲ್ಲಿ ಮಾಂಸ ಬೇಯಿಸುವ ಗುಂಡಿ ತೋಡಿ ಕಲ್ಲು ಕಾಯಿಸಲು ಕಟ್ಟಿಗೆ ಜೋಡಿಸಿದ್ದರು. ಪಾದ್ರಿನೊ ಹೆಂಡತಿ ದೊನ್ಯ ಕಾಸ್ತುಲಾ ಸಂತನ ನಿಲುವಂಗಿ ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಏಳು ವರ್ಷದ ಹಿಂದೆ ಹೊಲಿದದ್ದು. ನುಸಿ ತಿಂದ ಕಡೆಯೆಲ್ಲ ವರ್ಷಕ್ಕೊಂದು ಹೂವಿನ ಹಾಗೆ ಕಸೂತಿ ಹಾಕಿ ಹಾಕಿ, ಈಗ ಬಟ್ಟೆಗಿಂತ ಹೂವೇ ಹೆಚ್ಚಾಗಿತ್ತು.

“ಬಾರೋ ಗಿಳಿ. ಹತ್ತು ದಿನದಿಂದ ಸದ್ದೇ ಇಲ್ಲ, ಬೆಕ್ಕು ತಿಂತೇನೋ ಅಂದ್ಕೊಂಡಿದ್ದೆ.”

“ಮಾದ್ರಿನಾ, ಒಂದು ಮಾತು ಹೇಳಬೇಕಿತ್ತು.”

“ಮಾತು ಆಮೇಲೆ. ಇವರೆಲ್ಲ ಬೆಳಗಿನ ಜಾವದಿಂದ ಅರೀತಾ ಇದ್ದಾರೆ, ಸೊಂಟ ಬಿದ್ದುಹೋಗಿದೆ. ಪಾದ್ರಿ ಮಾಡು, ಪ್ರಸಂಗ ಮಾಡ್ತಾ ನಿದ್ದೆ ಹೋಗ್ತಾನಲ್ಲ, ಅದು.”

ಮೂವತ್ತು ಮುಖ ನನ್ನ ಕಡೆ ತಿರುಗಿದವು. ನಾನು ಪಾದ್ರಿ ಮಾಡಿದೆ. ಬಸ್ ಕಂಡಕ್ಟರ್ ಮಾಡಿದೆ. ದೊನ್ಯ ಕಾಸ್ತುಲಾ ಕಣ್ಣೊರೆಸಿಕೊಂಡು ಮೆಕ್ಕೆಜೋಳ, ಕೋಕೋ ಕದಡಿದ ತೆಹಾತೆ ಒಂದು ಬಟ್ಟಲು ಕೊಟ್ಟಳು, ತಣ್ಣಗೆ, ಮೇಲೆ ನೊರೆ. ಕುಡಿದೆ. ಹೇಳಬೇಕಾದದ್ದು ಅದರ ಜೊತೆ ಒಳಗೇ ಹೋಯಿತು.

ಕೊಟ್ಟಿಗೆಯಲ್ಲಿ ಪಾದ್ರಿನೊ ಎತ್ತಿನ ಹಣೆಗೆ ಕೊಪಾಲ್ ಧೂಪ ಹಿಡಿದಿದ್ದರು. ಅವರದ್ದು ಒಂದೇ ಜೋಡಿ, ಕಾನಾರಿಯೊ ಮತ್ತು ಲುಸೇರೊ. ಯಜಮಾನ ತನ್ನ ಉಳುವ ಎತ್ತೊಂದನ್ನು ಊರಿಗೆ ಉಣಿಸಬೇಕು. ಕೊಂಡು ತಂದದ್ದು ನಡೆಯುವುದಿಲ್ಲ.

“ಲುಸೇರೊ” ಎಂದರು ನನ್ನನ್ನು ನೋಡದೆ. “ಅದಕ್ಕೆ ವಯಸ್ಸಾಯ್ತು. ಕಾನಾರಿಯೊ ಒಂದೇ ನೇಗಿಲು ಎಳೆಯೋದಿಲ್ಲ, ಗೊತ್ತು. ಹೊಲ ಹಾಗೇ ಬೀಳುತ್ತೆ. ಬೀಳ್ಲಿ, ಈ ವಯಸ್ಸಲ್ಲಿ ನಾನೆಷ್ಟು ಉಳ್ತೀನಿ.” ಎತ್ತಿನ ಕಿವಿ ಸವರಿದರು. “ಏಳು ವರ್ಷದಿಂದ ಇದರ ಕಿವೀಲೇ ಆ ಮಾತು ಕಲ್ತಿದ್ದು ಕಣೋ. ದಿಬ್ಬದ ಮೇಲೆ ಹೇಳೋದು. ಮನುಷ್ಯರ ಮುಂದೆ ಹೇಳೋ ಹಾಗಿಲ್ಲವಲ್ಲ. ಮೆಲ್ಲಗೆ ಹೇಳ್ತಿದ್ದೆ, ಇದು ತಲೆ ಆಡಿಸೋದು. ಒಂದು ಕಡೆ ತಪ್ತಾ ಇದ್ದೆ, ಈಗ ತಪ್ಪಲ್ಲ.”

ಅವರು ಹಗ್ಗ ಬಿಚ್ಚಿದರು. ನಾನು ಹಿತ್ತಿಲ ಬಾಗಿಲಿಂದ ಹೊರಗೆ ಬಂದೆ. ಸ್ವಲ್ಪ ಹೊತ್ತಿಗೆ ಕಾನಾರಿಯೊ ಕೂಗಲು ಶುರುಮಾಡಿತು. ಎರಡು ದಿನ ನಿಲ್ಲಿಸಲಿಲ್ಲ.

ಮೂವತ್ತಕ್ಕೆ ಬಿಸಿಲು ಚೆನ್ನಾಗಿತ್ತು. ವಾದ್ಯದವರು ಮುಂದೆ, ತಲೆಯ ಮೇಲೆ ಹೂಬುಟ್ಟಿ ಹೊತ್ತ ಹೆಣ್ಣುಮಕ್ಕಳು ಹಿಂದೆ, ನಡುವೆ ಪಾದ್ರಿನೊ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಲ ಹೆಗಲ ಮೇಲೆ ಮಡಿಸಿದ ಕಂಬಳಿ, ಸಂತ ಕೂರುವ ಜಾಗ. ಚರ್ಚಿನ ಮುಂದೆ ನಗರದ ಕಾವಲಿನವರು ಇಬ್ಬರು, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೀಗದ ಮೇಲೆ ಹೊಸ ಸೀಸ, ಬಿಸಿಲಿಗೆ ಹೊಳೆಯುತ್ತಿತ್ತು.

“ಬಾಗಿಲು ತೆಗೀರಪ್ಪ” ಎಂದರು ಪಾದ್ರಿನೊ. “ನಾನು ಎವೊದಿಯೊ. ನಿಮ್ಮ ಸಾಹೇಬರು ಹೇಳಿದಾರೆ.”

ಕಾವಲಿನವನು ಎದ್ದು ನಿಂತ. ಪಾಪ, ಅವನೂ ಯಾವುದೋ ಹಳ್ಳಿಯವನೇ. “ತಾತ, ನಮಗೆ ಹೇಳಿರೋದು ತೆಗೀಬೇಡಿ ಅಂತ.”

“ಇಲ್ಲಪ್ಪ, ಫೋನ್ ಮಾಡಿದ್ರು. ಬೂತಿನವಳೇ ಕೂಗಿದ್ದು. ಊರೇ ಕೇಳಿದೆ.”

ಕಾವಲಿನವನು ಮೊಬೈಲ್ ತೆಗೆದು ಸಾಹೇಬನಿಗೆ ಹಚ್ಚಿ ಸ್ಪೀಕರಿನ ಗುಂಡಿ ಒತ್ತಿದ. ಎಲ್ಲರಿಗೂ ಕೇಳಿಸಿತು. ಎರಡು ಸಲ ಕೆಮ್ಮು. “ಹಾಗಾಗಿ... ನಾನು ಯಾರಿಗೂ ಫೋನ್ ಮಾಡಿಲ್ಲ. ಹಾಗಿದ್ದ ಮೇಲೆ... ಆ ಟಿಕೆಟ್ ಹರಿಯೋನು ಒಬ್ಬ ನಾಲ್ಕು ಸಲ ಬಂದು ಕೇಳ್ಕೊಂಡ, ಆಗಲ್ಲ ಅಂದಿದ್ದೀನಿ.”

ವಾದ್ಯ ನಿಂತಿತು. ಎಲ್ಲ ಒಟ್ಟಿಗೆ ಅಲ್ಲ, ಕೊನೆಗೆ ತುತ್ತೂರಿಯ ಮುದುಕನೊಬ್ಬ ಎರಡು ಸ್ವರ ಜಾಸ್ತಿ ಊದಿ ನಿಲ್ಲಿಸಿದ. ಜನ ನನ್ನ ಕಡೆ ತಿರುಗಿದರು. ಪಾದ್ರಿನೊ ಕೊನೆಯಲ್ಲಿ ತಿರುಗಿದರು.

ನಾನು ಮುಂದೆ ಬಂದೆ. ಏನು ಹೇಳಲಿ. ಕ್ಷಮೆ ಕೇಳಲು ನನ್ನದೇ ಒಂದು ಧ್ವನಿ ಬೇಕಿತ್ತು. ಹುಡುಕಿದೆ, ಗಂಟಲಲ್ಲಿ ಬಾಡಿಗೆಯವರೇ ಎಲ್ಲ. ಕೊನೆಗೆ ಹೊರಗೆ ಬಂದದ್ದು ಎರಡು ಕೆಮ್ಮು.

“ಹಾಗಾಗಿ... ಈ ಸಲ ಅಪ್ಪಣೆ ಇದೆ, ದೊನ್ ಎವೊದಿಯೊ.”

ದೊನ್ಯ ಕಾಸ್ತುಲಾ ನಿಲುವಂಗಿಯನ್ನು ಎದೆಗೆ ಅವುಚಿಕೊಂಡಳು. ಯಾರೂ ನನ್ನನ್ನು ಹೊಡೆಯಲಿಲ್ಲ. ಹೊಡೆಯಲಿ ಎಂದು ಕಾದೆ.

ಮಧ್ಯಾಹ್ನ ಹನ್ನೆರಡರವರೆಗೆ ಜನ ಅಂಗಳದಲ್ಲೇ ನಿಂತರು, ಕಟ್ಟಳೆಯ ಪ್ರಕಾರ ಅಲ್ಲಿಯವರೆಗೂ ಹೊತ್ತಿದೆ. ಹನ್ನೆರಡಾದ ಮೇಲೆ ಹಿರಿಯರ ಬೆಂಚಿನ ಅತಿ ಹಿರಿಯ ಎದ್ದು, ಪಾದ್ರಿನೊ ಹೆಗಲ ಮೇಲಿನ ಕಂಬಳಿ ತೆಗೆದು ನಾಬೋರನ ಹೆಗಲಿಗೆ ಹಾಕಿದ. ನಾಬೋರ್ ನೆಲ ನೋಡುತ್ತಿದ್ದ.

“ಈ ಗಿಳಿ ಒಬ್ಬನೇ ಕೂತು ಮಾಡಿದ್ದೇನೋ ಇದನ್ನ?” ಎಂದು ಹಿರಿಯ ಕೇಳಿದ.

ನಾನು ನಾಬೋರನ ಕಡೆ ನೋಡಿದೆ. ಹೇಳಬಹುದಿತ್ತು. ಹೇಳಿದರೆ ಕಂಬಳಿ ಅವನ ಹೆಗಲಿಂದ ಇಳಿಯುತ್ತಿತ್ತು, ಪಾದ್ರಿನೊ ಹೆಗಲಿಗೆ ಏರುತ್ತಿರಲಿಲ್ಲ.

“ಬಾಯಿ ನಂದೇ” ಎಂದೆ.

ಬೇಯಿಸಿದ್ದನ್ನು ಚೆಲ್ಲುವ ಹಾಗಿಲ್ಲ. ಊರೆಲ್ಲ ಪಾದ್ರಿನೊ ಮನೆಗೆ ನಡೆಯಿತು. ಬೀಗ ಬಿದ್ದ ಹಬ್ಬಕ್ಕೆ ಬೀಗರ ಹಾಗೆ ಸಾಲಾಗಿ ಕೂತೆವು, ಸಂತನಿಲ್ಲದ ಸಂತೆ. ಇಂಥ ಮಾತು ಆಗಲೂ ನನ್ನ ನಾಲಗೆಯ ತುದಿಗೆ ಬಂತು ಎಂದರೆ ನನ್ನ ಜಾತಿ ನಿಮಗೆ ಅರ್ಥವಾಗಬೇಕು. ದಪ್ಪನೆಯ ಕತ್ತಾಳೆ ಎಲೆಯಲ್ಲಿ ಸುತ್ತಿ ಗುಂಡಿಯಲ್ಲಿ ಬೇಯಿಸಿದ ಲುಸೇರೊನ ಮಾಂಸ, ಬಿಸಿ ತೋರ್ತಿಯಾ ರೊಟ್ಟಿ. ಹಿತ್ತಿಲಲ್ಲಿ ಕಾನಾರಿಯೊ ಕೂಗುವುದು, ಜನ ಅಗಿಯುವುದು, ಎರಡೇ ಸದ್ದು.

ಪಾದ್ರಿನೊ ಯಜಮಾನನ ಕುರ್ಚಿಯಲ್ಲಿ ಕೂತಿದ್ದರು, ಎದ್ದೇಳಿ ಎನ್ನುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಕಂಬಳಿಯಿಲ್ಲದ ಬಲ ಹೆಗಲು ಎಡಕ್ಕಿಂತ ಸ್ವಲ್ಪ ಕೆಳಗಿತ್ತು.

“ಗಿಳಿ” ಎಂದು ಕರೆದರು. ಮೂವತ್ತೊಂದು ವರ್ಷದಲ್ಲಿ ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. “ಬಾ ಇಲ್ಲಿ. ಅದನ್ನ ಮಾಡು.”

“ಪಾದ್ರಿನೊ, ಬೇಡ.”

“ಮಾಡು ಅಂದೆ. ಮೊದಲಿಂದ. ತೂಕ ಕೇಳೋ ಜಾಗದಿಂದ.”

ನಿಂತುಕೊಂಡೆ. ಕೆಮ್ಮಿದೆ. “ಹಾಗಾಗಿ... ಹಾಗಿದ್ದ ಮೇಲೆ... ಆ ಇನ್ನೂರ ಹದಿನಾಲ್ಕನೇ ನಂಬರಿನ ವಸ್ತುವಿನ ತೂಕ ಎಷ್ಟು ಬರುತ್ತೆ, ದೊನ್ ಎವೊದಿಯೊ?”

“ನಮ್ಮ ಮೊದಲನೇ ಮಗುವಿನಷ್ಟು ಸ್ವಾಮಿ” ಎಂದರು ಅವರು, ಫೋನು ಹಿಡಿದ ಹಾಗೆ ಕೈಯನ್ನು ಕಿವಿಗೆ ಹಿಡಿದು, ಅವತ್ತಿನ ಅದೇ ಏದುಸಿರಿನಲ್ಲಿ. ತಮ್ಮನ್ನೇ ಅವರು ಅಣಕಿಸಿಕೊಳ್ಳುತ್ತಿದ್ದರು, ನನಗಿಂತ ಚೆನ್ನಾಗಿ.

ಬೆಂಚಿನ ತುದಿಯಲ್ಲಿ ಯಾರೋ ತಡೆಯಲಾರದೆ ಫಕ್ ಎಂದರು. ಆಮೇಲೆ ಇನ್ನೊಬ್ಬರು.

“ಹೂಂ, ಮುಂದೆ” ಎಂದರು ಪಾದ್ರಿನೊ. “ಅಪ್ಪಣೆ ಕೊಡೋದು.”

“ಈ ಸಲ ಅಪ್ಪಣೆ ಇದೆ, ದೊನ್ ಎವೊದಿಯೊ. ಮೂವತ್ತಕ್ಕೆ ನಾವು ಬಂದು...”

“ಆ ದೊನ್ ಅನ್ನೋದು ಚೆನ್ನಾಗಿದೆ ಕಣೋ” ಎಂದರು. “ಅದಕ್ಕೇ ಬಿದ್ದೆ ನಾನು. ಇನ್ನೊಂದ್ಸಲ ಅನ್ನು.”

“ದೊನ್ ಎವೊದಿಯೊ.”

ಅವರು ನಕ್ಕರು. ಅದರ ಹಿಂದೆಯೇ ಊರೂ ನಕ್ಕಿತು, ಮೊದಲು ಅಳುಕುತ್ತ, ಆಮೇಲೆ ಬಾಯಿಯ ತುತ್ತು ಹಾರುವ ಹಾಗೆ, ಹಿರಿಯರ ಬೆಂಚು, ವಾದ್ಯದವರು, ಬೂತಿನ ಹೆಂಗಸು, ಕಂಬಳಿ ಹೊದ್ದ ನಾಬೋರ್ ಕೂಡ. ದೊನ್ಯ ಕಾಸ್ತುಲಾ ಮಾತ್ರ ನಗದೆ, ಉಸಿರು ಸಿಕ್ಕಿಕೊಂಡ ಮಗುವಿಗೆ ಮಾಡುವಂತೆ ಗಂಡನ ಬೆನ್ನಿನ ಮೇಲೆ ಕೈಯಿಟ್ಟು ಸವರುತ್ತಿದ್ದಳು. ಯಾರ ನಗು ಬೇಕಾದರೂ ನಾನು ಮಾಡಬಲ್ಲೆ. ದಿಬ್ಬದ ಮೇಲೆ ಅವರು ಹೇಳಬೇಕಿದ್ದ ಆ ಒಂದು ಮಾತನ್ನು ಮಾತ್ರ ಮಾಡಲಾರೆ, ಅದನ್ನು ಕೇಳಿದ ಕಿವಿಯನ್ನು ನಾವು ಉಂಡಾಗಿತ್ತು.

“ಇನ್ನೊಂದ್ಸಲ” ಎನ್ನುತ್ತಿದ್ದರು ಅವರು, ಮೇಜು ಬಡಿಯುತ್ತ, ಕಣ್ಣೊರೆಸಿಕೊಳ್ಳುತ್ತ. “ಇನ್ನೊಂದ್ಸಲ.” ನಾನೂರು ಜನರ ನಗು ಒಂದು ಕಡೆ, ಅವರದು ಒಂದು ಕಡೆ. ಎಲ್ಲರದ್ದೂ ನಿಂತ ಮೇಲೂ ಅವರದು ನಿಲ್ಲಲಿಲ್ಲ.